ಕೊನೆಯ ಲೋಕಲ್ ಮತ್ತು ಹಾಡಿನ ಹಕ್ಕು: ಒಬ್ಬ ರ‍್ಯಾಪ್ ಕಲಾವಿದೆಯ ಪ್ರಕರಣ

ಹೆಣ್ಣುಮಗಳೊಬ್ಬಳು ರ‍್ಯಾಪ್ ಹಾಡುತ್ತಾಳೆಂದರೆ ಜನ ಕೇಳುವ ಮೊದಲ ಪ್ರಶ್ನೆ, ಮನೆಯಲ್ಲಿ ಒಪ್ಪಿದರೇ ಎಂಬುದು. ಈ ಪ್ರಕರಣದಲ್ಲಿ ಮನೆಯವರು ಸ್ವಲ್ಪ ಗೊಣಗಿ ಒಪ್ಪಿದ್ದರು. ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಎಲ್ಲಿಂದ ಬಿತ್ತೆಂದು ತಿಳಿಯುವ ಹೊತ್ತಿಗೆ ಆಕೆಯ ಅತ್ಯಂತ ಜನಪ್ರಿಯ ಹಾಡು ಕಾಗದದ ಮೇಲೆ ಬೇರೆಯವರದಾಗಿತ್ತು.

ಮುಂಬಯಿಯಲ್ಲಿ ಕಲಾವಿದರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಡಬ್ಬಿಂಗ್ ಕಲಾವಿದರು, ವಾದ್ಯಗಾರರು, ಧಾರಾವಾಹಿಯ ನಟರು ನನ್ನಲ್ಲಿಗೆ ಬರುತ್ತಾರೆ; ರ‍್ಯಾಪ್ ಹಾಡುವವಳು ಬಂದದ್ದು ಅದೇ ಮೊದಲು. ಆಕೆ ಈ ಬರಹವನ್ನು ಓದಿ ಒಪ್ಪಿದ್ದಾಳೆ. ಗುರುತು ಹತ್ತಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ, ಹಾಡಿನ ಹೆಸರನ್ನು ಬಿಟ್ಟಿದ್ದೇನೆ. ವಯಸ್ಸಿನಲ್ಲಿ ನನ್ನ ಮಗಳಷ್ಟಿರುವುದರಿಂದ ಏಕವಚನದಲ್ಲೇ ಬರೆಯುತ್ತೇನೆ.

ಹಿನ್ನೆಲೆ

ತಂದೆ ಕುಂದಾಪುರದ ಕಡೆಯವರು. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಗಲ್ಲಾದಲ್ಲಿ ಕೂರುವ ಮಟ್ಟಕ್ಕೆ ಬಂದವರು. ಹೋಟೆಲು ಹುಡುಗರಿಗಾಗಿ ಕನ್ನಡಿಗರು ನಡೆಸಿದ ಆ ರಾತ್ರಿ ಶಾಲೆಗಳಿಲ್ಲದಿದ್ದರೆ ಈ ನಗರದ ಎಷ್ಟೋ ಕನ್ನಡ ಕುಟುಂಬಗಳ ಕಥೆ ಬೇರೆಯೇ ಆಗುತ್ತಿತ್ತು. ಮನೆ ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿ. ತಂದೆಗಿದ್ದ ಒಂದೇ ಹುಚ್ಚು ತಾಳಮದ್ದಳೆ. ಬಿಡುವಿನ ಭಾನುವಾರ ಕನ್ನಡ ಸಂಘದ ಸಭಾಂಗಣದಲ್ಲಿ ಅರ್ಥ ಹೇಳಲು ಹೋಗುತ್ತಿದ್ದರು, ಮಗಳನ್ನೂ ಕರೆದೊಯ್ಯುತ್ತಿದ್ದರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲೇ ಮಾತು ಕಟ್ಟಬೇಕು. ವಾಲಿ ಕೇಳಿದ ಕೊಂಕು ಪ್ರಶ್ನೆಗೆ ರಾಮ ಅಲ್ಲೇ ಉತ್ತರ ಹುಟ್ಟಿಸಬೇಕು. ಇದನ್ನು ಕೇಳುತ್ತ ಬೆಳೆದ ಹುಡುಗಿಗೆ ಮುಂದೆ ಬಾಂದ್ರಾದ ಕಡಲಂಚಿನಲ್ಲಿ ಹುಡುಗರು ವೃತ್ತವಾಗಿ ನಿಂತು ಸರದಿಯ ಮೇಲೆ ಪ್ರಾಸ ಕಟ್ಟುವುದನ್ನು ಕಂಡಾಗ ಹೊಸತೇನೂ ಅನ್ನಿಸಲಿಲ್ಲವಂತೆ.

ಅದು 2015ರ ಸುಮಾರು. ಅಂಧೇರಿಯ ಡಿವೈನ್, ಕುರ್ಲಾದ ನೇಜಿ ಬಂಬೈಯಾ ಹಿಂದಿಯಲ್ಲಿ ತಮ್ಮ ಗಲ್ಲಿಯ ಬದುಕನ್ನು ಹಾಡಿ ಹೆಸರು ಮಾಡಿದ್ದ ಕಾಲ. ಕೊಡೈಕೆನಾಲಿನ ಪಾದರಸ ಮಾಲಿನ್ಯದ ಬಗ್ಗೆ ಸೋಫಿಯಾ ಅಶ್ರಫ್ ರ‍್ಯಾಪ್ ಮಾಡಿದ್ದೂ ಅದೇ ವರ್ಷ. ಇನ್ನೂ ಹತ್ತಿರದ ಉದಾಹರಣೆಯೂ ಇತ್ತು: ಡೀ ಎಂಸಿ ಎಂಬ ಹೆಸರಿನಲ್ಲಿ ಹಾಡುವ ದೀಪಾ ಉಣ್ಣಿಕೃಷ್ಣನ್ ಇದೇ ಸೆಂಟ್ರಲ್ ರೈಲುಮಾರ್ಗದ ಕಲ್ಯಾಣದವರು. ಡೊಂಬಿವಲಿಯಿಂದ ಎರಡು ನಿಲ್ದಾಣ ಆಚೆಯವರೊಬ್ಬರು ಮಾಡುತ್ತಿರುವ ಕೆಲಸ ಎಂಬುದು ಮನೆಯಲ್ಲಿ ವಾದಕ್ಕೆ ಬಂತು. ತಂದೆಯ ಆಕ್ಷೇಪ ಲಯದ ಬಗ್ಗೆ ಇರಲಿಲ್ಲ, ಬೈಗುಳದ ಬಗ್ಗೆ ಇತ್ತು. “ಪಾತ್ರಕ್ಕೆ ಬೇಕಾದ್ದು ಹೇಳು ಮಗಳೇ, ಅರ್ಥಧಾರಿಯ ಅಪ್ಪ ಅಮ್ಮನ ಸುದ್ದಿಗೆ ಹೋಗಬೇಡ” ಎಂದರಂತೆ. ಅಷ್ಟಕ್ಕೆ ಒಪ್ಪಂದವಾಯಿತು.

ತೊಡಕು ಹುಟ್ಟಿದ ರೀತಿ

ಒಂದು ಹಾಡುಕೂಟದಲ್ಲಿ ಪರಿಚಯವಾದ, ಬೀಟ್ (ಹಾಡಿನ ಹಿಂದಿನ ತಾಳ-ಸಂಗೀತ) ಮಾಡುವ ಹುಡುಗನೊಬ್ಬ ಜೊತೆಗೆ ಕೆಲಸ ಮಾಡೋಣ ಎಂದ. ಆತನ ಸ್ಟುಡಿಯೊ ವರ್ಸೋವಾದಲ್ಲಿ, ಹಳೆಯ ಕಟ್ಟಡದ ಎರಡನೆಯ ಮಹಡಿಯಲ್ಲಿ. ಅಲ್ಲಿಂದ ಡೊಂಬಿವಲಿಗೆ ದಾರಿ ಹೀಗೆ: ವರ್ಸೋವಾ ಮೆಟ್ರೊ ಹಿಡಿದು ಘಾಟ್ಕೋಪರ್, ಅಲ್ಲಿಂದ ಲೋಕಲ್ ರೈಲು. 2014ರಲ್ಲಿ ಈ ಮೆಟ್ರೊ ಬಂದಿರದಿದ್ದರೆ ಆಕೆ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಆದರೆ ಮೆಟ್ರೊ ರಾತ್ರಿ ಲೋಕಲಿಗಿಂತ ಮೊದಲೇ ನಿಲ್ಲುತ್ತದೆ. ಕೊನೆಯ ಲೋಕಲ್ ಮಧ್ಯರಾತ್ರಿ ದಾಟಿದ ಮೇಲೂ ಸಿಗುತ್ತದೆಂದು ಹುಡುಗರು ನಗುತ್ತಿದ್ದರು. ಘಾಟ್ಕೋಪರಿನವರೆಗೆ ಹೋಗಲು ಅಷ್ಟು ಹೊತ್ತಿನಲ್ಲಿ ಒಂಟಿ ರಿಕ್ಷಾ ಹಿಡಿಯಬೇಕಾದವಳು ಆಕೆ. ಹಾಗಾಗಿ ಹತ್ತು ಗಂಟೆ ಆಗುತ್ತಿದ್ದಂತೆ ಚೀಲ ಹೆಗಲಿಗೇರಿಸಿಕೊಂಡು ಎದ್ದುಬಿಡುತ್ತಿದ್ದಳು.

ಈ ಉದ್ಯಮದಲ್ಲಿ ಕೆಲಸ ಶುರುವಾಗುವುದೇ ಹತ್ತರ ಮೇಲೆ. ಹಾಡಿದ್ದನ್ನು ಕತ್ತರಿಸಿ ಜೋಡಿಸುವುದು, ಮಿಕ್ಸಿಂಗ್, ಯಾರ ಹೆಸರು ಮೊದಲು ಬರಬೇಕು ಎಂಬ ಮಾತು, ಯಾವ ವಿತರಕರ ಮೂಲಕ ಬಿಡುಗಡೆ, ಯಾರ ಇಮೇಲಿನಲ್ಲಿ ಖಾತೆ, ಇವೆಲ್ಲ ನಿಶ್ಚಯವಾಗುವುದು ಒಂದು ಗಂಟೆಗೆ ಚಹಾ ತರಿಸಿಕೊಂಡು ಕುಳಿತವರ ನಡುವೆ. ಯಾರೂ ಆಕೆಯನ್ನು ಹೊರಗಿಡಬೇಕೆಂದು ಸಂಚು ಮಾಡಿರಲಿಲ್ಲ, ಇದನ್ನು ನಾನು ಕಡತ ನೋಡಿಯೇ ಹೇಳುತ್ತಿದ್ದೇನೆ. ಆಕೆ ಆ ಹೊತ್ತಿಗೆ ರೈಲಿನಲ್ಲಿ ಇರುತ್ತಿದ್ದಳು, ಅಷ್ಟೆ. ಕೋಣೆಯಲ್ಲಿ ಇಲ್ಲದವಳ ಹೆಸರು ಫಾರಂನಲ್ಲಿ ಕೆಳಕ್ಕೆ ಜಾರಿತು. 2018ರಲ್ಲಿ ಹಿಂದಿ ಹಾಡು ಹೊರಬಂದಾಗ ಮುಖ್ಯ ಕಲಾವಿದನ ಜಾಗದಲ್ಲಿ ಆತನ ಹೆಸರಿತ್ತು. ಪ್ರತಿ ಸಾಲನ್ನೂ ಬರೆದು ಹಾಡಿದವಳ ಹೆಸರು ‘ಫೀಚರಿಂಗ್’ (ಜೊತೆಗೆ ಹಾಡಿದವರು) ಎಂಬುದರ ಹಿಂದೆ ಬಾಲಂಗೋಚಿಯಂತೆ ನೇತಾಡುತ್ತಿತ್ತು. ಗೀತರಚನೆಕಾರರ ಖಾನೆ ಖಾಲಿ.

ಮುಂದಿನ ಫೆಬ್ರುವರಿಯಲ್ಲಿ, ಮುಂಬಯಿಯ ರ‍್ಯಾಪ್ ಹುಡುಗನೊಬ್ಬನ ಕಥೆಯ ಚಿತ್ರ, ಜೋಯಾ ಅಖ್ತರ್ ಅವರ ‘ಗಲ್ಲಿ ಬಾಯ್’ ಬಂತು. ಜಾಹೀರಾತು ಏಜೆನ್ಸಿಗಳಿಗೆಲ್ಲ ಇದ್ದಕ್ಕಿದ್ದಂತೆ ರ‍್ಯಾಪ್ ಬೇಕಾಯಿತು. ಒಂದು ಸಂಜೆ ಮಹಿಳೆಯರ ಡಬ್ಬಿಯಲ್ಲಿ ಎದುರು ಸೀಟಿನವಳ ಮೊಬೈಲಿನಿಂದ ತನ್ನದೇ ದನಿ ಬಂದದ್ದನ್ನು ಈಕೆ ಕೇಳಿದಳು. ಹಾಡಿನ ಎರಡನೆಯ ಚರಣದ ತುಣುಕೊಂದು, ಕೊನೆಯಲ್ಲಿ ಒಂದು ಉತ್ಪನ್ನದ ಹೆಸರು. ಆಕೆಗೆ ಮೊದಲು ಸಂತೋಷವೇ ಆಯಿತಂತೆ. ಪಕ್ಕದವರಿಗೆ “ಇದು ನಾನು” ಎಂದೂ ಹೇಳಿದಳಂತೆ, ಅವರು ನಂಬಲಿಲ್ಲ. ಕೆಲವೇ ದಿನಗಳಲ್ಲಿ, ಕಾಲೇಜೊಂದರ ವೇದಿಕೆಯಲ್ಲಿ ತಾನು ಅದೇ ಹಾಡು ಹಾಡಿದ ವಿಡಿಯೊವನ್ನು ಜಾಲತಾಣಕ್ಕೆ ಏರಿಸಿದಾಗ ಕೃತಿಸ್ವಾಮ್ಯದ ತಕರಾರು ಬಂತು. ಧ್ವನಿಮುದ್ರಣವನ್ನು ಯಾರ ಖಾತೆ ನೋಂದಾಯಿಸಿರುತ್ತದೋ ಅವರ ಪರವಾಗಿ ಯಂತ್ರವೇ ಹೊಂದಿಸಿ ನೋಡಿ ಹಾಕುವ ತಕರಾರು ಅದು. ಯಂತ್ರಕ್ಕೆ ಏನು ಗೊತ್ತು, ಆ ದನಿ ಯಾರದೆಂದು?

ಆಗ ಆಕೆಯ ತಂದೆ, ಸಂಘದ ಪರಿಚಯದ ಮೇಲೆ, ಮಗಳನ್ನು ನನ್ನಲ್ಲಿಗೆ ಕಳುಹಿಸಿದರು.

ಮೊದಲು ನೋಡಿದ್ದು ತೆರಿಗೆಯ ಪುಟ

ಆಕೆ ಗೋಳು ಹೇಳಿಕೊಳ್ಳಲು ಶುರುಮಾಡಿದಳು. ನಾನು ಆದಾಯ ತೆರಿಗೆಯ ಜಾಲತಾಣದಲ್ಲಿ ಆಕೆಯ 26ಎಎಸ್ ನಮೂನೆ ತೆರೆಯಲು ಹೇಳಿದೆ. ಇದನ್ನು ಎಲ್ಲ ಕಲಾವಿದರಿಗೂ ಹೇಳುತ್ತೇನೆ: ಕಂಪನಿಯೊಂದು ವೃತ್ತಿಪರ ಶುಲ್ಕ ಕೊಡುವಾಗ ಮಿತಿ ಮೀರಿದ ಮೊತ್ತಕ್ಕೆ ಶೇ 10ರಷ್ಟು ತೆರಿಗೆ ಮುರಿದುಕೊಂಡು, ಯಾರಿಗೆ ಕೊಟ್ಟರೋ ಅವರ ಪ್ಯಾನ್ ಸಂಖ್ಯೆಗೆ ಕಟ್ಟುತ್ತದೆ. ಬಾಯಿಮಾತು ಏನೇ ಇರಲಿ, ಹಣ ಯಾರ ಹೆಸರಿಗೆ ಹೋಯಿತೆಂಬುದನ್ನು ಆ ಪುಟ ಹೇಳುತ್ತದೆ. ಆಕೆಯ ಪುಟದಲ್ಲಿ ಒಂದು ಕಾರ್ಯಕ್ರಮ ಆಯೋಜಕರ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಅಂದರೆ ಜಾಹೀರಾತಿನ ಹಣಕ್ಕೆ ಬಿಲ್ಲು ಹೋದದ್ದು ಪೂರ್ತಿಯಾಗಿ ಇನ್ನೊಬ್ಬರ ಹೆಸರಿನಲ್ಲಿ.

ಪರಿಚಯದ ವಕೀಲರೊಬ್ಬರು ಕಡತ ನೋಡಿದರು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಒಂದು ಹಾಡು ಒಂದೇ ಆಸ್ತಿಯಲ್ಲ. ಸಾಹಿತ್ಯ ಬರೆದವರದು, ಸಂಗೀತ ರಚಿಸಿದವರದು, ಧ್ವನಿಮುದ್ರಣ ಅದರ ಹೊಣೆ ಹೊತ್ತು ಮಾಡಿಸಿದವರದು. ದನಿ ಕೊಟ್ಟವರಿಗೆ ಪ್ರದರ್ಶಕರ ಹಕ್ಕು ಬೇರೆ. ಹಕ್ಕು ಬಿಟ್ಟುಕೊಡುವುದಿದ್ದರೆ ಅದು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಇಲ್ಲಿ ಆಕೆ ಸಹಿ ಹಾಕಿದ ಯಾವ ಕಾಗದವೂ ಇರಲಿಲ್ಲ. ಕಾಗದವಿಲ್ಲದ್ದು ತನ್ನ ದುರದೃಷ್ಟ ಎಂದುಕೊಂಡಿದ್ದ ಹುಡುಗಿಗೆ ವಕೀಲರು, ಅದೇ ನಿನ್ನ ಬಲ ಎಂದರು. ಆಕೆ ಸಹಿ ಹಾಕದ ಕಾರಣ ಸಾಹಿತ್ಯ ಆಕೆಯ ಬಳಿಯೇ ಉಳಿದಿತ್ತು, ಅದನ್ನು ಜಾಹೀರಾತಿಗೆ ಕೊಡುವ ಅಧಿಕಾರ ಬೀಟ್ ಮಾಡಿದವನಿಗೆ ಇರಲಿಲ್ಲ.

ಮಾಡಿ ನೋಡಿದ್ದು

ನನ್ನಲ್ಲಿಗೆ ಬರುವ ಮೊದಲೇ ಆಕೆ ಒಂದು ಪ್ರಯತ್ನ ಮಾಡಿದ್ದಳು: ಅಂಧೇರಿಯಲ್ಲಿ ಪೇಯಿಂಗ್ ಗೆಸ್ಟ್ ಆಗಿ ಇರುವುದು. ರಾತ್ರಿಯ ಕೋಣೆಯಲ್ಲಿ ತಾನೂ ಇರಬೇಕೆಂಬ ಲೆಕ್ಕ. ಬಾಡಿಗೆ ಕಟ್ಟಲು ಹಗಲು ಕಾಲ್ ಸೆಂಟರಿಗೆ ಹೋದಳು. ಹಗಲು ದುಡಿದು ರಾತ್ರಿ ಕೂರಲಾಗದೆ ಕೆಲವೇ ತಿಂಗಳಲ್ಲಿ ಡೊಂಬಿವಲಿಗೆ ಮರಳಿದಳು. ಮನೆ ಮಾಲಕಿ ಹನ್ನೊಂದಕ್ಕೆ ಬಾಗಿಲು ಹಾಕುತ್ತಿದ್ದರೆಂಬುದು ಬೇರೆ ಮಾತು.

ಇನ್ನೊಂದು ದಾರಿ ರ‍್ಯಾಪ್ ಸೇರಿದ ಹಿಪ್ ಹಾಪ್ ಪರಂಪರೆಯ ಒಳಗಿನದೇ: ಎದುರಾಳಿಯನ್ನು ಹೆಸರೆತ್ತಿ ಹಳಿಯುವ ಹಾಡು. ಆಕೆ ಅದನ್ನು ಬರೆದೇಬಿಟ್ಟಿದ್ದಳು. ನನಗೂ ಕೇಳಿಸಿದಳು, ಚೆನ್ನಾಗಿತ್ತು, ಚುಚ್ಚುವಂತಿತ್ತು. ಗೆಳೆಯರು ಬಿಡುಗಡೆ ಮಾಡೆಂದರು. ವಕೀಲರು ಮಾನನಷ್ಟದ ಮೊಕದ್ದಮೆ ಬರಬಹುದೆಂದರು. ತಂದೆ ಹಳೆಯ ಮಾತನ್ನೇ ಹೇಳಿದರು. ನನ್ನ ಅಭಿಪ್ರಾಯ ಬರೀ ವ್ಯಾಪಾರದ್ದು: ಸಂಧಾನಕ್ಕೆ ಕೂರುವ ಮೊದಲೇ ಎದುರಿನವನ ಮಾನ ಕಳೆದರೆ ಆತನಿಗೆ ಕೊಡಲು ಕಾರಣವೇ ಉಳಿಯುವುದಿಲ್ಲ. ಆಕೆ ಆ ಹಾಡನ್ನು ಇಟ್ಟುಕೊಂಡಳು. ಹೇಡಿತನವೆಂದು ಇಂದಿಗೂ ಅನ್ನುವವರಿದ್ದಾರೆ.

ಮೂರನೆಯದು ಕೆಲಸಕ್ಕೆ ಬಂತು. ವಕೀಲರ ಪತ್ರ ಬೀಟ್ ಮಾಡಿದವನಿಗೆ ಮಾತ್ರ ಹೋಗಬೇಕೇ, ಏಜೆನ್ಸಿಗೂ ಪ್ರತಿ ಹೋಗಬೇಕೇ ಎಂಬುದರ ಮೇಲೆ ಬಹಳ ಚರ್ಚೆಯಾಯಿತು. ಏಜೆನ್ಸಿಗೆ ಹೋದರೆ ಜಾಹೀರಾತು ತಟ್ಟನೆ ನಿಲ್ಲುತ್ತದೆ, ಹಣವೂ ನಿಲ್ಲುತ್ತದೆ, ತಕರಾರಿನ ಹುಡುಗಿ ಎಂಬ ಹೆಸರು ಊರೆಲ್ಲ ಹರಡುತ್ತದೆ. ಆಕೆಯೇ ತೀರ್ಮಾನಿಸಿದಳು: ಪತ್ರ ಅವನಿಗೆ ಮಾತ್ರ, ಆದರೆ ಕೊನೆಯ ಸಾಲಿನಲ್ಲಿ ಗಡುವು, ಗಡುವಿನ ನಂತರ ಏಜೆನ್ಸಿಗೆ ಪ್ರತಿ. ಆ ಸಾಲು ಮಾಡಬೇಕಾದ್ದನ್ನು ಮಾಡಿತು. ಗೀತರಚನೆಗೆ ಆಕೆಯ ಹೆಸರು, ಜಾಹೀರಾತಿನ ಹಣದಲ್ಲಿ ಒಂದು ಪಾಲು, ಮುಂದಿನ ಗಳಿಕೆಯಲ್ಲಿ ಅರ್ಧ ಎಂದು ಬರೆದು ಸಹಿಯಾಯಿತು. ಮುಖ್ಯ ಕಲಾವಿದನ ಜಾಗವನ್ನು ಆತ ಬಿಡಲಿಲ್ಲ. ಮೊಕದ್ದಮೆ ಹೂಡಿದ್ದರೆ ಹೆಚ್ಚು ಸಿಗುತ್ತಿತ್ತೆಂದು ವಕೀಲರು ಹೇಳುತ್ತಲೇ ಇದ್ದರು. ಎಷ್ಟು ವರ್ಷದ ಮೇಲೆ ಎಂದು ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಕಪಾಟಿನ ಸ್ಟುಡಿಯೊ

2020ರ ಮಾರ್ಚಿನಲ್ಲಿ ಲೋಕಲ್ ರೈಲು ಜನಸಾಮಾನ್ಯರಿಗೆ ಮುಚ್ಚಿತು. ಮಹಿಳೆಯರಿಗೆ ದಟ್ಟಣೆಯಿಲ್ಲದ ಹೊತ್ತಿನಲ್ಲಿ ಮತ್ತೆ ಹತ್ತಲು ಅವಕಾಶ ಸಿಕ್ಕಿದ್ದು ಆ ಅಕ್ಟೋಬರಿನಲ್ಲಿ, ಎಲ್ಲರಿಗೂ ಸಿಕ್ಕಿದ್ದು 2021ರ ಫೆಬ್ರುವರಿಯಲ್ಲಿ. ಸಂಗೀತದವರಿಗೆ ಇದು ಊಟದ ಪ್ರಶ್ನೆಯಾಗಿತ್ತು, ನನ್ನ ಕಡತಗಳೇ ಸಾಕ್ಷಿ. ಆದರೆ ಈ ಒಬ್ಬಳ ಮಟ್ಟಿಗೆ ಒಂದು ವಿಚಿತ್ರ ನಡೆಯಿತು. ವರ್ಸೋವಾದ ರಾತ್ರಿಯ ಕೋಣೆಯೇ ಇಲ್ಲವಾಯಿತು. ಎಲ್ಲರೂ ಅವರವರ ಮನೆಯಲ್ಲಿ, ಎಲ್ಲವೂ ಕಡತಗಳ ವಿನಿಮಯದಲ್ಲಿ.

ಜಾಹೀರಾತಿನ ಪಾಲಿನಿಂದ ಆಕೆ ಒಂದು ಮೈಕ್ ಮತ್ತು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್ಫೇಸ್ ಕೊಂಡಳು. ಮಲಗುವ ಕೋಣೆಯ ಬಟ್ಟೆ ಕಪಾಟಿನ ಬಾಗಿಲು ತೆರೆದು, ಒಳಗೆ ತಾಯಿಯ ಸೀರೆಗಳನ್ನು ನೇತಾಡಲು ಬಿಟ್ಟು, ಹಿಂದಿನಿಂದ ಎರಡು ರಜಾಯಿ ಇಳಿಬಿಟ್ಟರೆ ಪ್ರತಿಧ್ವನಿ ಇಲ್ಲ. ಫ್ಯಾನ್ ಆರಿಸಬೇಕು. ಪಕ್ಕದ ಮನೆಯ ಕುಕ್ಕರ್ ಕೂಗುವ ಹೊತ್ತು ತಿಳಿದಿರಬೇಕು. ಮೇ ತಿಂಗಳ ಸೆಕೆಯಲ್ಲಿ ಒಂದು ಚರಣ ಹಾಡಿ ಹೊರಬಂದರೆ ಕುರ್ತಾ ಹಿಂಡುವಂತಾಗುತ್ತಿತ್ತು. ಆದರೆ ಆಗಿನಿಂದ ದನಿಯ ಮೂಲ ಕಡತ ಆಕೆಯ ಹಾರ್ಡ್ ಡಿಸ್ಕಿನಲ್ಲಿ ಇರತೊಡಗಿತು. ಬೀಟ್ ಮಾಡುವವರು ಕೇಳಿದರೆ ಪ್ರತಿ ಹೋಗುತ್ತಿತ್ತು. ಜೊತೆಗೆ, ಉದ್ಯಮದಲ್ಲಿ ಸ್ಪ್ಲಿಟ್ ಶೀಟ್ ಎನ್ನುವ ಒಂದು ಪುಟದ ಪಾಲುಪಟ್ಟಿ. ಸಹಿ ಬಂದ ಮೇಲೆ ಕಡತ.

ಕನ್ನಡದಲ್ಲಿ ಬರೆಯಲು ಶುರುಮಾಡಿದ್ದೂ ಆ ಕಪಾಟಿನಲ್ಲೇ. ಹಿಂದಿಯಲ್ಲಿ ಮಾರುಕಟ್ಟೆ ಇದೆ, ಕನ್ನಡಕ್ಕೆ ಬೆಂಗಳೂರಿನವರು ಇದ್ದಾರೆ, ನಿನ್ನ ಕನ್ನಡ ಯಾರಿಗೆ ಬೇಕು ಎಂದವರೇ ಹೆಚ್ಚು. ಮೊದಲು ಆಕೆಗೂ ಕೂಡಿಬರಲಿಲ್ಲ. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ಅಂತ್ಯಪ್ರಾಸ ಬೇಡವೆಂದರೂ ಬರುತ್ತದೆ: ಹೋಗುತ್ತಾರೆ, ಬರುತ್ತಾರೆ, ನಗುತ್ತಾರೆ. ನಾಲ್ಕು ಸಾಲಿಗೆ ಕಿವಿ ಬೇಸರಪಡುತ್ತದೆ. ತಂದೆ ಮಂದಾನಿಲ ರಗಳೆಯ ಲೆಕ್ಕ ಹೇಳಿಕೊಟ್ಟರು. ನಾಲ್ಕು ಮಾತ್ರೆಯ ನಾಲ್ಕು ಗಣ, ಸಾಲಿಗೆ ಹದಿನಾರು ಮಾತ್ರೆ. ರ‍್ಯಾಪಿನ ಒಂದು ಬಾರ್ ಎಂದರೆ ನಾಲ್ಕು ಪೆಟ್ಟು, ಪೆಟ್ಟಿಗೆ ನಾಲ್ಕು ಪಾಲು, ಅಲ್ಲೂ ಹದಿನಾರು. ನಿಮಿಷಕ್ಕೆ 90 ಪೆಟ್ಟಿನ ಬೀಟಿನ ಮೇಲೆ ರಗಳೆಯ ಸಾಲು ಒಂದಿಷ್ಟೂ ಜಾರದೆ ಕುಳಿತುಕೊಂಡಿತು. ಆಕೆ ಕ್ರಿಯಾಪದವನ್ನು ಸಾಲಿನ ನಡುವಿಗೆ ಎಳೆದು ತಂದಳು, ಆದಿಪ್ರಾಸವನ್ನೂ ಇಟ್ಟಳು. ಒಪ್ಪಿಗೆ ಪಡೆದು ಎರಡು ಸಾಲು ಕೊಡುತ್ತೇನೆ:

ರಾತ್ರಿಯ ಲೋಕಲ್ ಹೊರಡುವ ಹೊತ್ತಲಿ
ಮಾತ್ರೆಯ ಎಣಿಸಿದೆ ಬೆರಳಿನ ತುದಿಯಲಿ

ಹಾಡು ಭಾರಿ ಓಡಿತೆಂದು ಹೇಳುವಂತಿಲ್ಲ. ಹಿಂದಿ ಹಾಡಿನ ಹತ್ತಿರಕ್ಕೂ ಬರಲಿಲ್ಲ. ಆದರೆ ಅದನ್ನು ಕೇಳಿದ ಡಬ್ಬಿಂಗ್ ಸ್ಟುಡಿಯೊ ಒಂದು, ಜಾಹೀರಾತಿನ ಹಾಡುಗಳಿಗೆ ಕನ್ನಡ ಸಾಹಿತ್ಯ ಬರೆದು ಹಾಡಬಲ್ಲೆಯಾ ಎಂದು ಕರೆಯಿತು. ದೇಶಕ್ಕೆಲ್ಲ ಹೋಗುವ ಜಾಹೀರಾತುಗಳ ಕನ್ನಡ ಆವೃತ್ತಿಗಳು ಮುಂಬಯಿಯಲ್ಲೇ ತಯಾರಾಗುವುದು ಹೊಸದಲ್ಲ. ತುಟಿಯ ಚಲನೆಗೆ, ತಾಳಕ್ಕೆ ಹೊಂದುವ ಕನ್ನಡ ಕಟ್ಟುವವರು ಮಾತ್ರ ಕಡಿಮೆ. ಹಗಲು ಹನ್ನೊಂದರಿಂದ ಸಂಜೆ ಐದರವರೆಗಿನ ಕೆಲಸ. ಇಂದು ಆಕೆಯ ಮನೆ ನಡೆಯುವುದು ಇದರಿಂದ. 26ಎಎಸ್ ಪುಟ ಈಗ ತುಂಬಿರುತ್ತದೆ.

ಸಂಘಗಳ ವಿಷಯ

ನಮ್ಮವರ ಬಗ್ಗೆ ಹೇಳದಿದ್ದರೆ ಈ ವರದಿ ಅರ್ಧವಾಗುತ್ತದೆ. ಮುಂಬಯಿಯ ಕನ್ನಡ ಸಂಘಟನೆಗಳಿಗೆ ರಾಜ್ಯೋತ್ಸವಕ್ಕೆ ‘ಯುವಜನರ ಕಾರ್ಯಕ್ರಮ’ ಬೇಕು. ಆಕೆಯನ್ನು ಕರೆಯುತ್ತಾರೆ, ಸಂಭಾವನೆ ಕೇಳಿದರೆ, “ನಮ್ಮ ಹುಡುಗಿಯೇ ಅಲ್ಲವೇ ಮಾರಾಯ್ತಿ” ಎನ್ನುತ್ತಾರೆ. ಹಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ. ಇವಕ್ಕೆ ಟಿಡಿಎಸ್ (ಕೊಡುವಾಗಲೇ ಮುರಿಯುವ ತೆರಿಗೆ) ಇಲ್ಲವೆಂಬುದು ನಿಜ. ಅಧ್ಯಕ್ಷರು, ಮುಖ್ಯ ಅತಿಥಿಗಳು, ಸನ್ಮಾನಿತರು ಮಾತನಾಡಿ ಮುಗಿಸಿದ ಮೇಲೆ, ಒಂಬತ್ತೂವರೆಗೆ ಆಕೆಯ ಸರದಿ. ಆಕೆ ಎರಡು ಷರತ್ತು ಇಟ್ಟಳು: ಸಣ್ಣದಾದರೂ ಸಂಭಾವನೆ, ಮತ್ತು ಏಳು ಗಂಟೆಯೊಳಗೆ ವೇದಿಕೆ. ಕರೆಗಳು ಕಡಿಮೆಯಾದವು. ಉಳಿದ ಒಂದು ಸಂಘದ ಹಿರಿಯರು, “ಸರಿಯಮ್ಮ, ನೀನು ಮೊದಲು ಹಾಡು, ನಾವು ಆಮೇಲೆ ಮಾತನಾಡುತ್ತೇವೆ” ಎಂದರು. ಆ ವರ್ಷ ಭಾಷಣ ಕೇಳಲು ಕುಳಿತವರ ಸಂಖ್ಯೆ ಎಷ್ಟಿತ್ತೆಂದು ನಾನು ಎಣಿಸಲು ಹೋಗಲಿಲ್ಲ.

ತಿರುವುಗಳನ್ನು ಮತ್ತೆ ನೋಡಿದಾಗ

ಈ ಪ್ರಕರಣವನ್ನು ಹೊಸ ಕಲಾವಿದೆಯರಿಗೆ ಹೇಳುವಾಗ ನಾನು ಪ್ರತಿಭೆ, ಧೈರ್ಯ ಎಂಬ ಮಾತುಗಳನ್ನು ಬದಿಗಿಡುತ್ತೇನೆ. ಅವು ಈಕೆಯಲ್ಲಿ ಮೊದಲಿನಿಂದಲೂ ಇದ್ದವು. ಹಾಡು ಕೈತಪ್ಪುವುದನ್ನು ತಡೆಯಲಿಲ್ಲ. ಹಿಪ್ ಹಾಪ್ ಹುಟ್ಟಿತೆನ್ನುವ 1973ರ ಆಗಸ್ಟ್ 11ರ ನ್ಯೂಯಾರ್ಕಿನ ಬ್ರಾಂಕ್ಸ್ ಕೂಟವನ್ನು ಏರ್ಪಡಿಸಿದವಳು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ. ಶಾಲೆಗೆ ಹೊಸ ಬಟ್ಟೆ ಕೊಳ್ಳಲು ಹಣ ಬೇಕಿತ್ತು. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಪ್ರವೇಶ ದರವಿಟ್ಟಳು. ಇತಿಹಾಸ ನೆನಪಿಟ್ಟುಕೊಂಡದ್ದು ಹೆಚ್ಚಾಗಿ ಆ ದಿನ ರೆಕಾರ್ಡ್ ತಿರುಗಿಸಿದ ಅವಳ ಅಣ್ಣ ಡಿಜೆ ಕೂಲ್ ಹರ್ಕ್‌ನನ್ನು. ಲೆಕ್ಕ ಬರೆಯುವ ವೃತ್ತಿಯವನಾದ್ದರಿಂದ ನನಗೆ ಸಿಂಡಿಯ ಮೇಲೆ ಸ್ವಲ್ಪ ಪಕ್ಷಪಾತ.

ಹೆಚ್ಚಿನವರು ಈಕೆಯ ಬದುಕಿನ ತಿರುವು ವಕೀಲರ ಪತ್ರ ಎನ್ನುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಪತ್ರ ಕಳೆದದ್ದರಲ್ಲಿ ಅರ್ಧವನ್ನು ತಂದುಕೊಟ್ಟಿತು. ಮುಂದೆ ಕಳೆಯದಂತೆ ಮಾಡಿದ್ದು, ಕೆಲಸದ ಜಾಗವನ್ನು ಮತ್ತು ಹೊತ್ತನ್ನು ತನ್ನ ಕಡೆಗೆ ಎಳೆದುಕೊಂಡ ತೀರ್ಮಾನ. ಅಂಧೇರಿಗೆ ಹೋಗಿ ರಾತ್ರಿಯ ಕೋಣೆಯೊಳಗೆ ಸೇರಲು ಹೆಣಗಿದಾಗ ಸೋತಳು. ಕೋಣೆಯನ್ನೇ ಡೊಂಬಿವಲಿಯ ಹಗಲಿಗೆ ತಂದಾಗ ಗೆದ್ದಳು. ಲಾಕ್‌ಡೌನ್ ಇಲ್ಲದಿದ್ದರೆ ಈ ದಾರಿ ಹೊಳೆಯುತ್ತಿತ್ತೇ ಎಂಬುದು ಅನುಮಾನ. ಆಕೆಯೂ ಹಾಗೆಯೇ ಹೇಳುತ್ತಾಳೆ.

ಇದಕ್ಕೆ ಬೆಲೆಯೂ ಇತ್ತು. ರಾತ್ರಿಯ ಕೋಣೆಯಲ್ಲಿ ಹಕ್ಕು ಮಾತ್ರವಲ್ಲ, ಗೆಳೆತನ, ಸುದ್ದಿ, ಮುಂದಿನ ಅವಕಾಶ ಎಲ್ಲವೂ ಹಂಚಿಕೆಯಾಗುತ್ತವೆ. ಆಕೆಯ ಜೊತೆಗೆ ಶುರುಮಾಡಿದ ಹುಡುಗರಲ್ಲಿ ಇಬ್ಬರು ದೊಡ್ಡ ಉತ್ಸವಗಳ ವೇದಿಕೆಯಲ್ಲಿದ್ದಾರೆ. ಈಕೆ ಅಲ್ಲಿ ಇಲ್ಲ. ಕಪಾಟಿನಲ್ಲಿ ಹಾಡುವವಳಿಗೆ ಹಕ್ಕು ಉಳಿಯಿತು, ಹೆಸರು ನಿಧಾನವಾಯಿತು.

ಈಗ ಸಂಗೀತ ಕಂಪನಿಯೊಂದರಿಂದ ಐದು ಕನ್ನಡ ಹಾಡುಗಳಿಗೆ ಕರಾರು ಬಂದಿದೆ. ಕರಡಿನಲ್ಲಿ ಹಕ್ಕು ‘ಶಾಶ್ವತವಾಗಿ, ಜಗತ್ತಿನಾದ್ಯಂತ’ ಎಂದಿದೆ. ಅವಧಿ ಬರೆಯದಿದ್ದರೆ ಕಾಯ್ದೆ ಐದು ವರ್ಷ ಎಂದು ತಿಳಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಅದಕ್ಕೇ ಕಂಪನಿಗಳು ಮರೆಯದೆ ಬರೆಯುತ್ತವೆ. 2012ರ ತಿದ್ದುಪಡಿಯ ನಂತರ ಗೀತರಚನೆಕಾರರು ತಮ್ಮ ರಾಯಧನದ ಪಾಲನ್ನು ಕಂಪನಿಗೆ ಬಿಟ್ಟುಕೊಡಲು ಬರುವುದೇ ಇಲ್ಲ, ಆದರೂ ಬಿಟ್ಟುಕೊಟ್ಟಿದ್ದೇನೆ ಎಂಬ ಸಾಲನ್ನೂ ಸೇರಿಸಿದ್ದಾರೆ. ಆಕೆ ಆ ಸಾಲನ್ನು ಹೊಡೆದುಹಾಕಿ, ‘ಶಾಶ್ವತ’ದ ಜಾಗದಲ್ಲಿ ಏಳು ವರ್ಷ ಎಂದು ಬರೆದು ಕಳುಹಿಸಿದ್ದಾಳೆ. ಐದು ಎಂದು ಬರೆಯಲು ನಾನು ಹೇಳಿದ್ದೆ. ಚೌಕಾಸಿಗೆ ಜಾಗ ಬೇಡವೇ ಎಂದು ಕೇಳಿದರೆ, ಕಂಪನಿಯವರು ಮೂರು ಸಲ ಫೋನ್ ಮಾಡಿದ್ದಾರೆ, ಅವರಿಗೂ ಹಾಡು ಬೇಕಾಗಿದೆ, ಏಳು ಎಂದರೆ ಒಪ್ಪುತ್ತಾರೆ ಎಂದಳು.